ಎಂಟನೇ ಕ್ಲಾಸ್ ಮಕ್ಕಳಲ್ಲಿ ನೂರಕ್ಕೆ 13 ಮಂದಿಗೆ ಮಾತ್ರ ಅಮೆರಿಕದ ಇತಿಹಾಸ ಬರುತ್ತದೆ ಅಂದರೆ ಏನರ್ಥ?

ಎಂಟನೇ ಕ್ಲಾಸಿನ ಅಮ್ಮ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿ ಅಮೆರಿಕದಲ್ಲಿ ಎಂಟನೇ ಕ್ಲಾಸ್ ಓದುತ್ತಿದ್ದಾಳೆ. ಅವಳ ಶಾಲೆಯಿಂದ ಒಂದು ಪತ್ರ ಬಂದಿದೆ. ‘ನೇಪ್’ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಗೆ ಅವಳನ್ನು ಆರಿಸಿದ್ದಾರೆ, ವಿಷಯ ಅಮೆರಿಕದ ಇತಿಹಾಸ, ಬೇಡ ಅನ್ನಿಸಿದರೆ ತಿಳಿಸಬಹುದು ಅಂತ ಬರೆದಿದೆ. ಇದನ್ನೇ ‘ನೇಷನ್ಸ್ ರಿಪೋರ್ಟ್ ಕಾರ್ಡ್’ ಅಂತಲೂ ಕರೆಯುತ್ತಾರಂತೆ.

ಏನಿದು ಅಂತ ಹುಡುಕಿ ನೋಡಿದೆ. ಓದಿ ಗಾಬರಿಯಾಯಿತು. 2022ರ ಪರೀಕ್ಷೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳಲ್ಲಿ ನೂರಕ್ಕೆ 13 ಮಂದಿ ಮಾತ್ರ ‘ಪ್ರೊಫಿಷಿಯೆಂಟ್’ ಮಟ್ಟ ಮುಟ್ಟಿದ್ದಾರೆ. ನೂರಕ್ಕೆ 40 ಮಂದಿ ‘ಬೇಸಿಕ್’ ಮಟ್ಟಕ್ಕಿಂತಲೂ ಕೆಳಗಿದ್ದಾರೆ. ಸರಾಸರಿ 2014ರಲ್ಲಿ 500ಕ್ಕೆ 267 ಇದ್ದದ್ದು 2018ರಲ್ಲಿ 263ಕ್ಕೆ, 2022ರಲ್ಲಿ 258ಕ್ಕೆ ಇಳಿದಿದೆ. ಈ ದೇಶದ ಮಕ್ಕಳಿಗೆ ತಮ್ಮ ದೇಶದ ಕಥೆಯೇ ಗೊತ್ತಿಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ.

ಇದನ್ನು ಓದಿದ ಮೇಲೆ ನನ್ನ ಮಗಳನ್ನೇ ಗಮನಿಸತೊಡಗಿದೆ. ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ಕೇಳಿದರೆ ಅವಳು ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತಾಳೆ. 1849ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡದ್ದು, ಮತ್ತೆ ಮತ್ತೆ ಮೇರಿಲ್ಯಾಂಡಿಗೆ ಹಿಂತಿರುಗಿ ಜನರನ್ನು ಬಿಡಿಸಿಕೊಂಡು ಬಂದದ್ದು, ಓಡಿಹೋದ ಗುಲಾಮರನ್ನು ಹಿಡಿದು ವಾಪಸ್ ಕೊಡಬೇಕು ಅನ್ನುವ 1850ರ ಕಾನೂನು ಬಂದ ಮೇಲೆ ಅವರನ್ನು ಕೆನಡಾದವರೆಗೆ ಕರೆದುಕೊಂಡು ಹೋದದ್ದು, ಎಲ್ಲ ಗೊತ್ತು. ಆದರೆ ವಾಷಿಂಗ್ಟನ್‌ಗೂ ಲಿಂಕನ್‌ಗೂ ನಡುವೆ ಸುಮಾರು ಎಷ್ಟು ವರ್ಷ ಅಂತ ಕೇಳಿದರೆ ತಡಕಾಡುತ್ತಾಳೆ. ಹಾಗಾದರೆ ಇವಳಿಗೆ ಇತಿಹಾಸ ಬರುತ್ತದೋ ಇಲ್ಲವೋ?

ನನ್ನ ಕಥೆ ಇದಕ್ಕೆ ತಿರುಗುಮುರುಗು. ಪಾಣಿಪತ್ ಯುದ್ಧಗಳ ಇಸವಿ ಬಾಯಿಪಾಠ ಮಾಡಿದವಳು ನಾನು. 1526, 1556, 1761. ಇವತ್ತಿಗೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಯಾಕೆ ಮೂರೂ ಸಲ ಅಲ್ಲೇ ಯುದ್ಧ ಆಯಿತು ಅಂತ ನನ್ನನ್ನು ಯಾವ ಪರೀಕ್ಷೆಯೂ ಕೇಳಲಿಲ್ಲ.

ತಿಳಿದವರು ಹೇಳಿ. ಈ ಪರೀಕ್ಷೆ ಅಳೆಯುವುದಾದರೂ ಏನನ್ನು? ಅವಳ ಅಂಕ ನಮಗೆ ಬರುತ್ತದಾ, ಅದಕ್ಕೆ ತಯಾರಿ ಮಾಡಿಸಬೇಕಾ? ಇದೆಲ್ಲ ಬಿಟ್ಟು, ಮಗು ಇತಿಹಾಸವನ್ನು ನಿಜವಾಗಿ ಕಲಿಯುತ್ತಿದೆಯಾ ಅಂತ ಮನೆಯಲ್ಲೇ ತಿಳಿಯುವುದು ಹೇಗೆ?

---

ಲೆಕ್ಕದ ಮನುಷ್ಯ ಬರೆದ ಉತ್ತರ:

ಮೇಡಂ, ನಾನು ಪರೀಕ್ಷೆಗಳ ಅಂಕಿಅಂಶದ ಕೆಲಸ ಮಾಡುವವನು. ಮೊದಲು ಸುಲಭದ ಪ್ರಶ್ನೆ. ನಿಮ್ಮ ಮಗಳ ಅಂಕ ಬರುವುದಿಲ್ಲ. ನಿಮಗೂ ಇಲ್ಲ, ಟೀಚರಿಗೂ ಇಲ್ಲ, ಶಾಲೆಗೂ ಇಲ್ಲ. ತಯಾರಿ ಬೇಡವೇ ಬೇಡ. ಚೆನ್ನಾಗಿ ನಿದ್ದೆ ಮಾಡಿ ಹೋದರೆ ಸಾಕು.

ಕಾರಣ ಪರೀಕ್ಷೆಯ ರಚನೆಯಲ್ಲೇ ಇದೆ. ಇಡೀ ದೇಶದಿಂದ ಆರಿಸಿದ ಕೆಲವೇ ಮಕ್ಕಳು ಇದನ್ನು ಬರೆಯುತ್ತಾರೆ. 2022ರಲ್ಲಿ ಇತಿಹಾಸ ಬರೆದ ಎಂಟನೇ ಕ್ಲಾಸಿನವರು ಸುಮಾರು 8,000 ಮಂದಿ. ಪ್ರಶ್ನೆಗಳ ರಾಶಿ ದೊಡ್ಡದು, ಅಷ್ಟನ್ನೂ ಒಂದೇ ಮಗುವಿಗೆ ಕೊಡಲು ಆಗುವುದಿಲ್ಲ. ಹಾಗಾಗಿ ಪ್ರತಿ ಮಗುವಿಗೂ ಅದರ ಒಂದು ಚಿಕ್ಕ ಭಾಗ ಮಾತ್ರ ಸಿಗುತ್ತದೆ. ಪಕ್ಕದಲ್ಲಿ ಕೂತವಳಿಗೆ ಬೇರೆ ಭಾಗ. ಎಲ್ಲವನ್ನೂ ಸೇರಿಸಿದಾಗ ದೇಶದ ಚಿತ್ರ ಸಿಗುತ್ತದೆ, ಒಬ್ಬಳ ಚಿತ್ರ ಸಿಗುವುದಿಲ್ಲ. ಗಣಿತ ಮತ್ತು ಓದುವಿಕೆಗೆ ರಾಜ್ಯವಾರು ಫಲಿತಾಂಶ ಕೊಡುತ್ತಾರೆ. ಇತಿಹಾಸಕ್ಕೆ ಅದೂ ಇಲ್ಲ, ಇಡೀ ದೇಶದ್ದು ಮಾತ್ರ.

ಇನ್ನು ಆ 13. ಸುದ್ದಿಯಲ್ಲಿ ಅದನ್ನು ಪಾಸಾದವರ ಲೆಕ್ಕ ಅನ್ನುವ ಹಾಗೆ ಬರೆಯುತ್ತಾರೆ. ಹಾಗಲ್ಲ. ‘ಪ್ರೊಫಿಷಿಯೆಂಟ್’ ಅಂದರೆ ಆ ಕ್ಲಾಸಿಗೆ ಸರಿಯಾದ ಮಟ್ಟ ಅಂತ ಅರ್ಥವಲ್ಲ ಎಂದು ಪರೀಕ್ಷೆ ನಡೆಸುವ ಸಂಸ್ಥೆಯೇ ಹೇಳುತ್ತದೆ. ಬೇಕಂತಲೇ ಎತ್ತರದಲ್ಲಿ ಇಟ್ಟ ಗುರಿ ಅದು. ‘ಬೇಸಿಕ್’ ಅಂದರೆ ಬೇಕಾದ ತಿಳಿವಳಿಕೆ ಸ್ವಲ್ಪ ಮಟ್ಟಿಗೆ ಕೈಗೆ ಬಂದಿದೆ ಅಂತ. ಈ ಗೆರೆಗಳನ್ನು ಎಲ್ಲಿ ಎಳೆಯಬೇಕು ಅಂತ ತೀರ್ಮಾನಿಸಿದ್ದು ಮನುಷ್ಯರ ಸಮಿತಿ. ಗೆರೆಯನ್ನು ಸ್ವಲ್ಪ ಕೆಳಗೆ ಎಳೆದಿದ್ದರೆ ಅದೇ ಮಕ್ಕಳು, ಅದೇ ಉತ್ತರ, ಬೇರೆ ತಲೆಬರಹ. ನನ್ನ ಕೇಳಿದರೆ 13ಕ್ಕಿಂತ 267ರಿಂದ 258ಕ್ಕೆ ಬಂದದ್ದನ್ನು ಜಾಸ್ತಿ ನಂಬಿ. ಅದು ಒಂದೇ ಅಳತೆಗೋಲಿನಲ್ಲಿ ಬೇರೆ ಬೇರೆ ವರ್ಷ ಅಳೆದದ್ದು. ಅದೇ ಅಳತೆಯಲ್ಲಿ 1994ರಲ್ಲಿ 259 ಇತ್ತು. ಅಂದರೆ ಇಪ್ಪತ್ತು ವರ್ಷ ನಿಧಾನಕ್ಕೆ ಏರಿದ್ದು ಎಂಟು ವರ್ಷದಲ್ಲಿ ಕರಗಿದೆ. ಚಿಂತೆ ಮಾಡಬೇಕಾದದ್ದು ಇದಕ್ಕೆ.

ಇನ್ನೊಂದು ವಿಷಯ. ಅಂಕವೇ ಬರದ ಪರೀಕ್ಷೆಯನ್ನು ಹದಿಮೂರು ವರ್ಷದ ಮಗು ಎಷ್ಟು ಮನಸ್ಸಿಟ್ಟು ಬರೆಯುತ್ತದೆ? ಇದರ ಮೇಲೆ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಯೂರಿ ಗ್ನೀಝಿ ಮತ್ತು ಜೊತೆಗಾರರದ್ದು. ಅಲ್ಲಿ ವಿಷಯ ಗಣಿತ. ಪರೀಕ್ಷೆ ಶುರುವಾಗುವ ಹೊತ್ತಿಗೆ ಅಮೆರಿಕದ ಮಕ್ಕಳಿಗೆ ಹಣ ಕೊಟ್ಟು, ತಪ್ಪು ಉತ್ತರಕ್ಕೆ ಇಷ್ಟಿಷ್ಟು ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು. ಅವರ ಅಂಕ ಏರಿತು. ಶಾಂಘೈ ಮಕ್ಕಳಿಗೆ ಹಾಗೇ ಮಾಡಿದಾಗ ಏನೂ ಬದಲಾಗಲಿಲ್ಲ. ತಯಾರಾಗಲು ಸಮಯವೇ ಕೊಟ್ಟಿರಲಿಲ್ಲ, ಹಾಗಾಗಿ ಏರಿದ್ದು ತಿಳಿವಳಿಕೆಯಂತೂ ಅಲ್ಲ, ಶ್ರಮ. ನಾವು ಅಳೆದೆವು ಅಂದುಕೊಂಡದ್ದರಲ್ಲಿ ಇದೂ ಸೇರಿರುತ್ತದೆ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರಿಸುವ ಯೋಗ್ಯತೆ ಪಾಠ ಮಾಡಿದವರಿಗೆ ಇದೆ. ಅವರಿಗೆ ಬಿಡುತ್ತೇನೆ.

---

ಚರಿತ್ರೆ ಟೀಚರ್ ಬರೆದ ಉತ್ತರ:

ನಾನು ಇಲ್ಲಿ ಬಹಳ ವರ್ಷ ಎಂಟನೇ ಕ್ಲಾಸಿಗೆ ಅಮೆರಿಕದ ಇತಿಹಾಸ ಹೇಳಿಕೊಟ್ಟಿದ್ದೇನೆ. ಮಕ್ಕಳ ಬರವಣಿಗೆ ತಿದ್ದುವುದೇ ನನ್ನ ಬದುಕಾಗಿತ್ತು. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು, ಉದ್ದ ಬರೆಯುತ್ತೇನೆ, ಓದಿ.

‘ಈಗಿನ ಮಕ್ಕಳಿಗೆ ಇತಿಹಾಸ ಗೊತ್ತಿಲ್ಲ’ ಅನ್ನುವ ಕೂಗು ಈಗಿನದಲ್ಲ. 1917ರಲ್ಲಿ ಕಾರ್ಲ್‌ಟನ್ ಬೆಲ್, ಡೇವಿಡ್ ಮೆಕಲಮ್ ಅನ್ನುವ ಇಬ್ಬರು ಟೆಕ್ಸಸ್‌ನ ಸುಮಾರು 1,500 ವಿದ್ಯಾರ್ಥಿಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. 1492ರಲ್ಲಿ ಏನಾಯಿತು, 1776ರಲ್ಲಿ ಏನಾಯಿತು, ಇಂಥವರು ಯಾರು, ಈ ಥರದ ಪ್ರಶ್ನೆಗಳು. ಚಿಕ್ಕ ಕ್ಲಾಸಿನವರಿಗೆ ನೂರಕ್ಕೆ 16 ಬಂತು, ಹೈಸ್ಕೂಲಿನವರಿಗೆ 33, ಕಾಲೇಜಿನವರಿಗೆ 49. ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ನನ್ನೂ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಅಂತರ್ಯುದ್ಧದಲ್ಲಿ ದಕ್ಷಿಣದವರ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ನನ್ನೂ ಮಕ್ಕಳು ಒಬ್ಬನೇ ಅಂದುಕೊಂಡಿದ್ದರು. 1943ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕಾಲೇಜಿಗೆ ಆಗಷ್ಟೇ ಸೇರಿದ ಸುಮಾರು 7,000 ಮಂದಿಯನ್ನು ಕೇಳಿತು. ಮುಂದೆ ಅಮೆರಿಕ ದೇಶವಾದ ಮೂಲ 13 ವಸಾಹತುಗಳನ್ನೂ ಹೆಸರಿಸಿದವರು ನೂರಕ್ಕೆ ಆರು ಮಂದಿ. ಆ ವಯಸ್ಸಿನ ಹುಡುಗರು ಆ ಹೊತ್ತಿಗೆ ದೇಶಕ್ಕಾಗಿ ಯುದ್ಧಕ್ಕೆ ಹೋಗುತ್ತಿದ್ದರು, ಯೋಚಿಸಿ. 1986ರಲ್ಲಿ ಹದಿನೇಳು ವರ್ಷದವರನ್ನು ಕೇಳಿದಾಗ, ಅಂತರ್ಯುದ್ಧ 1850ರಿಂದ 1900ರ ಒಳಗೆ ನಡೆಯಿತು ಅಂತ ಗುರುತಿಸಿದವರು ಮೂರರಲ್ಲಿ ಒಂದು ಪಾಲೂ ಇಲ್ಲ.

ಅಜ್ಜ, ಅಪ್ಪ, ಮಗ, ಮೊಮ್ಮಗ. ಎಲ್ಲರಿಗೂ ಅದೇ ಕೆಂಪು ಶಾಯಿ. ಶಾಲೆ ಬದಲಾಯಿತು, ಪುಸ್ತಕ ಬದಲಾಯಿತು, ಓದುವ ಮಕ್ಕಳ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿತು. ಫಲಿತಾಂಶ ಮಾತ್ರ ಹಾಗೇ ಇದೆ ಅಂದರೆ, ಮಕ್ಕಳನ್ನು ನೋಡುವ ಮೊದಲು ಅಳತೆಗೋಲನ್ನು ಒಂದು ಸಲ ನೋಡಬೇಕು ಅಲ್ವಾ?

ಬೆಲ್ ಮತ್ತು ಮೆಕಲಮ್ ಬಗ್ಗೆ ನನಗೆ ಗೌರವ ಇರುವುದು ಇದಕ್ಕೇ. ಇತಿಹಾಸ ಬಲ್ಲ ಮಗುವಿಗೆ ಏನೇನು ಬರಬೇಕು ಅಂತ ಅವರು ಮೊದಲೇ ಪಟ್ಟಿ ಮಾಡಿದ್ದರು. ಇವತ್ತಿನ ಸಂಗತಿಯನ್ನು ಹಿಂದಿನದರ ಬೆಳಕಲ್ಲಿ ನೋಡುವುದು, ಹಳೇ ದಾಖಲೆಗಳನ್ನು ಜರಡಿ ಹಿಡಿದು ಏನಾಯಿತು ಅಂತ ಕಟ್ಟುವುದು, ಈ ಥರ ಕೆಲವು. ಕೊನೆಗೆ ಅವರು ಅಳೆದದ್ದು ಬಿಡಿ ಬಿಡಿ ಸಂಗತಿಗಳ ನೆನಪನ್ನು. ಅದು ಎಲ್ಲಕ್ಕಿಂತ ಕಿರಿದಾದ, ಬಹುಶಃ ಎಲ್ಲಕ್ಕಿಂತ ಕಡಿಮೆ ಮುಖ್ಯವಾದ ಸಾಮರ್ಥ್ಯ ಅಂತ ಅವರೇ ಒಪ್ಪಿಕೊಂಡಿದ್ದರು. ಆದರೆ ಅಳೆಯಲು ಸುಲಭ. ಆ ಸುಲಭದ ದಾರಿಯಲ್ಲೇ ನಾವು ನೂರು ವರ್ಷಕ್ಕಿಂತ ಜಾಸ್ತಿ ನಡೆದಿದ್ದೇವೆ. ನನ್ನ ದುಃಖ ಇದು.

ನೇಪ್ ಅಷ್ಟು ಕಿರಿದಲ್ಲ, ನ್ಯಾಯವಾಗಿ ಹೇಳಬೇಕು. ಪ್ರಜಾಪ್ರಭುತ್ವ, ಬೇರೆ ಬೇರೆ ಜನ ಬಂದು ಬೆರೆತದ್ದು, ಆರ್ಥಿಕತೆ ಮತ್ತು ತಂತ್ರಜ್ಞಾನ, ಜಗತ್ತಿನಲ್ಲಿ ಅಮೆರಿಕದ ಪಾತ್ರ ಅಂತ ನಾಲ್ಕು ಎಳೆ ಹಿಡಿದು ಪ್ರಶ್ನೆ ಮಾಡುತ್ತಾರೆ. ಚಿತ್ರ, ನಕ್ಷೆ, ಹಳೇ ಪತ್ರ ಕೊಟ್ಟು ಕೇಳುತ್ತಾರೆ. ಸ್ವಂತ ಮಾತಲ್ಲಿ ಬರೆಯುವ ಪ್ರಶ್ನೆಗಳೂ ಇವೆ. ಆದರೂ ಬಹುಆಯ್ಕೆಯ ಪ್ರಶ್ನೆಗಳ ವಿಷಯದಲ್ಲಿ ಒಂದು ಸಂಶಯ ಇದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ನೇಪ್ ಪ್ರಶ್ನೆಗಳನ್ನು ಹೈಸ್ಕೂಲ್ ಮಕ್ಕಳಿಗೆ ಕೊಟ್ಟು, ಉತ್ತರಿಸುವಾಗ ತಲೆಯಲ್ಲಿ ಓಡುವುದನ್ನೆಲ್ಲ ಜೋರಾಗಿ ಹೇಳಿ ಅಂದರು. ಕೇಳಿಬಂದದ್ದು ಬಹುಪಾಲು ನೆನಪು, ಓದಿ ಅರ್ಥ ಮಾಡಿಕೊಳ್ಳುವುದು, ಆಯ್ಕೆಗಳನ್ನು ಒಂದೊಂದಾಗಿ ಹೊಡೆದುಹಾಕುವ ಜಾಣತನ. ಚರಿತ್ರೆಕಾರರ ಥರದ ಯೋಚನೆ ಬಹಳ ಕಮ್ಮಿ.

ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಏನಾಗುತ್ತದೆ ನೋಡಿ. ಸ್ಯಾಮ್ ವೈನ್‌ಬರ್ಗ್ ಮತ್ತು ಚಾಂಸಿ ಮಾಂಟೆ-ಸಾನೊ ಎಲ್ಲ 50 ರಾಜ್ಯಗಳಿಂದ 11, 12ನೇ ಕ್ಲಾಸಿನ ಸುಮಾರು 2,000 ಮಕ್ಕಳಿಗೆ ಒಂದು ಖಾಲಿ ಹಾಳೆ ಕೊಟ್ಟರು. ಅಧ್ಯಕ್ಷರನ್ನು ಬಿಟ್ಟು ಚರಿತ್ರೆಯ ಪ್ರಸಿದ್ಧ ಅಮೆರಿಕನ್ನರ ಹೆಸರು ಬರೆಯಿರಿ ಅಂದರು. 2008ರಲ್ಲಿ ಬಂದ ಆ ಫಲಿತಾಂಶದಲ್ಲಿ ಮೊದಲ ಮೂರು ಹೆಸರು ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್, ಹ್ಯಾರಿಯೆಟ್ ಟಬ್‌ಮನ್. ನೂರಕ್ಕೆ 67, 60, 44 ಮಂದಿ ಬರೆದಿದ್ದರು. ಮಕ್ಕಳ ತಲೆ ಖಾಲಿ ಇರಲಿಲ್ಲ. ತಮ್ಮದೇ ಒಂದು ಚರಿತ್ರೆ ಅಲ್ಲಿ ತುಂಬಿತ್ತು. ನಿಮ್ಮ ಮಗಳ ಟಬ್‌ಮನ್ ಪ್ರೀತಿಯನ್ನು ದಯವಿಟ್ಟು ಹಗುರ ಮಾಡಬೇಡಿ.

ಇನ್ನು ಮನೆಯಲ್ಲಿ ಹೇಗೆ ತಿಳಿಯುವುದು. ನಾನು ಕ್ಲಾಸಿನಲ್ಲಿ ಕೊಡುತ್ತಿದ್ದ, ನನಗೆ ಅತ್ಯಂತ ಇಷ್ಟದ ಪ್ರಶ್ನೆ ಹೇಳುತ್ತೇನೆ. ಎರಡು ಬರಹಗಳಿಂದ ಒಂದೊಂದು ತುಣುಕು. ಮೊದಲನೆಯದು 1860ರ ಡಿಸೆಂಬರ್‌ನಲ್ಲಿ ಸೌತ್ ಕ್ಯಾರೊಲಿನಾ ರಾಜ್ಯ ಒಕ್ಕೂಟ ಬಿಟ್ಟು ಹೊರಟಾಗ ತಾನೇ ಹೊರಡಿಸಿದ ಘೋಷಣೆ. ತಪ್ಪಿಸಿಕೊಂಡು ಬಂದ ಗುಲಾಮರನ್ನು ಉತ್ತರದ ರಾಜ್ಯಗಳು ವಾಪಸ್ ಕೊಡುತ್ತಿಲ್ಲ, ಗುಲಾಮಗಿರಿಗೆ ವಿರೋಧಿಯಾದವನು ಅಧ್ಯಕ್ಷನಾಗಿ ಆರಿಸಿ ಬಂದಿದ್ದಾನೆ, ಅದಕ್ಕೇ ಹೋಗುತ್ತಿದ್ದೇವೆ ಅಂತ ಅದರಲ್ಲಿ ನೇರವಾಗಿ ಇದೆ. ಎರಡನೆಯದು ಜೆಫರ್ಸನ್ ಡೇವಿಸ್ 1881ರಲ್ಲಿ ಬರೆದ ಪುಸ್ತಕದ್ದು. ಯುದ್ಧಕ್ಕೆ ಗುಲಾಮಗಿರಿ ಕಾರಣವೇ ಅಲ್ಲ ಅಂತ ಅವನ ವಾದ. ಪ್ರಶ್ನೆ ಇಷ್ಟೇ: ದಕ್ಷಿಣದವರು ಯಾಕೆ ಬಿಟ್ಟು ಹೋದರು ಅಂತ ತಿಳಿಯಲು ಯಾವುದನ್ನು ಜಾಸ್ತಿ ನಂಬುತ್ತೀಯ, ಯಾಕೆ?

ಬರುವ ಉತ್ತರಗಳಲ್ಲಿ ಮೆಟ್ಟಿಲುಗಳು ಕಾಣುತ್ತವೆ. ಕೆಲವರು ‘ಮೊದಲನೆಯದು, ಅದರಲ್ಲಿ ಜಾಸ್ತಿ ವಿವರ ಇದೆ’ ಅನ್ನುತ್ತಾರೆ. ಬರಹವನ್ನು ಪಾಠಪುಸ್ತಕದ ಹಾಗೆ ಓದಿದ್ದಾರೆ, ಬರೆದವರು ಯಾರು ಅಂತ ನೋಡಿಲ್ಲ. ಕೆಲವರು ‘ಡೇವಿಸ್, ಅವನೇ ಅಧ್ಯಕ್ಷ ಆಗಿದ್ದವನು, ಅವನಿಗೇ ಗೊತ್ತಿರುತ್ತದೆ’ ಅನ್ನುತ್ತಾರೆ. ಉತ್ತರ ಸರಿಯಿಲ್ಲ, ಆದರೆ ಈ ಮಗು ಬರೆದವನ ಕಡೆ ತಿರುಗಿದೆ. ನನ್ನ ದೃಷ್ಟಿಯಲ್ಲಿ ಇದು ಮೊದಲಿನದಕ್ಕಿಂತ ಮೇಲಿನ ಮೆಟ್ಟಿಲು, ಮೊದಲನೆಯವರ ಆಯ್ಕೆ ಸರಿಯಿದ್ದರೂ. ಅದರ ಮೇಲೆ, ‘1860ರದ್ದು ಹೋಗುವಾಗಲೇ ಬರೆದದ್ದು, 1881ರಲ್ಲಿ ಡೇವಿಸ್ ಸೋತು ಹದಿನಾರು ವರ್ಷ ಆಗಿತ್ತು, ತನ್ನ ಹೆಸರು ಉಳಿಸಿಕೊಳ್ಳಬೇಕಿತ್ತು’ ಅನ್ನುವವರು. ಅದಕ್ಕೂ ಮೇಲೆ, ಯಾವಾಗಲೋ ಒಬ್ಬರು, ‘ಎರಡೂ ಉಪಯೋಗಕ್ಕೆ ಬರುತ್ತದೆ. ಯಾಕೆ ಹೋದರು ಅಂತ ತಿಳಿಯಲು ಮೊದಲನೆಯದು. ಆಮೇಲೆ ಅದನ್ನು ಹೇಗೆ ನೆನಪಿಸಿಕೊಳ್ಳಲು ಬಯಸಿದರು ಅಂತ ತಿಳಿಯಲು ಎರಡನೆಯದು’ ಅಂತ ಬರೆಯುತ್ತಾರೆ. ಅಂಥ ಉತ್ತರ ಬಂದ ದಿನ ನನಗೆ ಹಬ್ಬ.

ಬಹುಆಯ್ಕೆಯಲ್ಲಿ ಇವರಲ್ಲಿ ಮೂವರು ಗುರುತು ಹಾಕುವುದು ಒಂದೇ ಕಡೆ. ಒಂದೇ ಅಂಕ. ಅವರ ನಡುವಿನ ಅಂತರವೆಲ್ಲ ಮಾಯ.

---

ಹೊಸ ಪ್ರಜೆ ಬರೆದ ಉತ್ತರ:

ಟೀಚರ್, ನಿಮ್ಮ ಮಾತು ಚೆನ್ನಾಗಿದೆ. ಆದರೆ ನಾನು ಪೂರ್ತಿ ಒಪ್ಪುವುದಿಲ್ಲ.

ನಾನು ಈ ದೇಶದ ಪೌರತ್ವ ತೆಗೆದುಕೊಂಡಾಗ 100 ಪ್ರಶ್ನೆಗಳ ಪಟ್ಟಿ ಕೊಟ್ಟಿದ್ದರು. ಆಗ ಸಂದರ್ಶನದಲ್ಲಿ ಹತ್ತು ಕೇಳುತ್ತಿದ್ದರು, ಆರು ಸರಿಯಾಗಬೇಕಿತ್ತು. ಸಂವಿಧಾನ ಬರೆದದ್ದು ಯಾವಾಗ? 1787. ಮೂಲ 13 ರಾಜ್ಯಗಳಲ್ಲಿ ಮೂರರ ಹೆಸರು ಹೇಳಿ. ಸೂಸನ್ ಬಿ. ಆಂಟನಿ ಏನು ಮಾಡಿದರು? ಮಹಿಳೆಯರ ಹಕ್ಕಿಗಾಗಿ ಹೋರಾಡಿದರು. ಕೆಲಸ ಮುಗಿಸಿ ಬಂದು ರಾತ್ರಿ ಕೂತು ಬಾಯಿಪಾಠ ಮಾಡಿದೆ. ಅದು ಸುಮ್ನೆ ಬಾಯಿಪಾಠವಾಗಿ ಉಳಿಯಲಿಲ್ಲ. ಆಮೇಲೆ ಪತ್ರಿಕೆ ಓದಿದರೆ, ಯಾರಾದರೂ ಸಂವಿಧಾನದ ‘ಹದಿನಾಲ್ಕನೇ ತಿದ್ದುಪಡಿ’ ಅಂದರೆ, ಅದನ್ನು ತೂಗುಹಾಕಲು ನನ್ನ ತಲೆಯಲ್ಲಿ ಗೂಟಗಳಿದ್ದವು. 2015ರಲ್ಲಿ ಅರಿಜೋನಾ ರಾಜ್ಯ ಹೈಸ್ಕೂಲ್ ಮುಗಿಸಲು ಈ ಪ್ರಶ್ನೆಗಳಲ್ಲಿ ಪಾಸಾಗಬೇಕು ಅಂತ ಮೊದಲು ಕಾನೂನು ಮಾಡಿತು. ಎಷ್ಟೋ ರಾಜ್ಯಗಳು ಹಿಂಬಾಲಿಸಿದವು. ಇದನ್ನು ಬೈಯುವವರು ತುಂಬಾ. ನಾನು ಬೈಯುವುದಿಲ್ಲ. ಏನೂ ಗೊತ್ತಿಲ್ಲದೆ ‘ಯೋಚನೆ’ ಮಾಡು ಅಂದರೆ ಮಗು ಯಾವುದರ ಬಗ್ಗೆ ಯೋಚಿಸಬೇಕು?

ಇನ್ನೊಂದು ನ್ಯಾಯದ ಮಾತು. ನನ್ನ ಮಗ ಇಲ್ಲಿಗೆ ಬಂದಾಗ ಅವನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. 1776 ಅಂದರೆ ಸ್ವಾತಂತ್ರ್ಯ ಘೋಷಣೆಯ ವರ್ಷ ಅಂತ ಅವನಿಗೆ ಗೊತ್ತಿತ್ತು. ನೀವು ಹೇಳುವ ಎರಡು ಹಳೇ ಬರಹ ಕೊಟ್ಟು, ಒಂದು ಪುಟ ಬರೆ ಅಂದಿದ್ದರೆ ಅವನು ಸೊನ್ನೆ. ಪಕ್ಕದ ಹುಡುಗನ ಇಂಗ್ಲಿಷ್ ಚೆನ್ನಾಗಿತ್ತು ಅಂತ ಅವನಿಗೆ ಇತಿಹಾಸ ಜಾಸ್ತಿ ಗೊತ್ತು ಅಂತಾಗುತ್ತದಾ? ಮೇಲಾಗಿ ಆ ಉತ್ತರವನ್ನು ಒಬ್ಬ ಟೀಚರ್ ಮೂರನೇ ಮೆಟ್ಟಿಲು ಅಂತಾರೆ, ಇನ್ನೊಬ್ಬರು ಎರಡನೇದು ಅಂತಾರೆ. 1787 ಅಂದರೆ ಯಾರು ತಿದ್ದಿದರೂ 1787.

---

ಚರಿತ್ರೆ ಟೀಚರ್ ಬರೆದ ಉತ್ತರ:

ನಿಮ್ಮ ಮಗನ ಮಾತು ಹೇಳಿದಿರಿ, ಅದು ಸರಿಯಾದ ಜಾಗಕ್ಕೇ ತಾಗುತ್ತದೆ. ಇತಿಹಾಸದ ಪರೀಕ್ಷೆ ಬೇಗ ಭಾಷೆಯ ಪರೀಕ್ಷೆಯಾಗಿಬಿಡುತ್ತದೆ. ನಾನು ಕ್ಲಾಸಿನಲ್ಲಿ ಮಾಡುತ್ತಿದ್ದದ್ದು, 1860ರ ಇಂಗ್ಲಿಷನ್ನು ಇವತ್ತಿನ ಸರಳ ಇಂಗ್ಲಿಷಿಗೆ ಇಳಿಸಿ ಕೊಡುವುದು, ನಾಲ್ಕು ಸಾಲಿಗಿಂತ ಜಾಸ್ತಿ ಕೊಡದಿರುವುದು, ಬರೆಯಲಾರದವರಿಂದ ಬಾಯಲ್ಲಿ ಕೇಳುವುದು. ಇದು ಮೋಸವಲ್ಲ. ನಾನು ಅಳೆಯಲು ಹೊರಟದ್ದು ಅವನ ಕಾಗುಣಿತವನ್ನಲ್ಲ.

ಇಬ್ಬರು ಟೀಚರ್ ಎರಡು ಥರ ತಿದ್ದುತ್ತಾರೆ ಅನ್ನುವುದೂ ನಿಜ. ಅದಕ್ಕೆ ದಾರಿ ಇದೆ, ಶ್ರಮ ಜಾಸ್ತಿ. ಮೊದಲು ಎಲ್ಲರೂ ಕೂತು ಪ್ರತಿ ಮೆಟ್ಟಿಲಿಗೂ ನಿಜವಾದ ಮಕ್ಕಳ ಉತ್ತರಗಳನ್ನು ಮಾದರಿಯಾಗಿ ಆರಿಸಿಕೊಳ್ಳಬೇಕು. ಆಮೇಲೆ ಒಂದಷ್ಟನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿ ಹೋಲಿಸಬೇಕು. ನೇಪ್‌ನಲ್ಲೂ ಬರವಣಿಗೆಯ ಉತ್ತರಗಳ ಒಂದು ಪಾಲನ್ನು ಹೀಗೇ ಎರಡು ಸಲ ತಿದ್ದುತ್ತಾರೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿದವರು ಬರೆಯುವ ಎ.ಪಿ. ಇತಿಹಾಸ ಪರೀಕ್ಷೆಯಲ್ಲಿ ದಾಖಲೆಗಳನ್ನು ಕೊಟ್ಟು ಪ್ರಬಂಧ ಬರೆಸುವ ಪ್ರಶ್ನೆ 1973ರಿಂದ ಇದೆ. ಅಷ್ಟು ಮಂದಿಯ ಉತ್ತರವನ್ನು ಮನುಷ್ಯರೇ ಓದಿ ತಿದ್ದುತ್ತಾ ಬಂದಿದ್ದಾರೆ. ಆಗದ ಕೆಲಸವಲ್ಲ.

ನಿಮ್ಮ ‘ಗೂಟ’ದ ಮಾತಿಗೆ ಮಾತ್ರ ಎದುರಾಡುವುದಿಲ್ಲ. ನನ್ನ ಪ್ರಶ್ನೆಯನ್ನೇ ಇನ್ನೊಮ್ಮೆ ನೋಡಿ. ಅಂತರ್ಯುದ್ಧ 1861ರಿಂದ 1865ರವರೆಗೆ ನಡೆಯಿತು ಅಂತ ಗೊತ್ತಿಲ್ಲದ ಮಗುವಿಗೆ 1860 ಮತ್ತು 1881 ಎರಡೂ ಬರೀ ಅಂಕಿ. ಒಂದು ಯುದ್ಧಕ್ಕೆ ಮೊದಲು, ಒಂದು ಸೋಲಿನ ನಂತರ ಅನ್ನುವುದು ಹೊಳೆಯುವುದೇ ಇಲ್ಲ. ಇಸವಿ ಬೇಕು. ಆದರೆ ಇಸವಿ ಗೊತ್ತಿದೆಯಾ ಅಂತ ಇಸವಿಯನ್ನೇ ಕೇಳಿ ತಿಳಿಯುವುದಕ್ಕಿಂತ, ಅದನ್ನು ಬಳಸಲೇಬೇಕಾದ ಕೆಲಸ ಕೊಟ್ಟು ತಿಳಿಯುವುದು ಮೇಲು. ನೆನಪೂ ಗೊತ್ತಾಗುತ್ತದೆ, ಬಳಕೆಯೂ ಗೊತ್ತಾಗುತ್ತದೆ.

ಮತ್ತೆ ಆ ಇಳಿಕೆ. 267ರಿಂದ 258. ಎಲ್ಲರೂ ಕೊರೊನಾ ಅನ್ನುತ್ತಾರೆ, 2018ರಲ್ಲೇ ಇಳಿದಿತ್ತಲ್ಲ. ನೇಪ್ ಮಕ್ಕಳನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ, ನಿನಗೆ ಈ ವರ್ಷ ಮುಖ್ಯವಾಗಿ ಅಮೆರಿಕದ ಇತಿಹಾಸವನ್ನೇ ಕಲಿಸುವ ಕ್ಲಾಸ್ ಇದೆಯಾ ಅಂತ. 2018ರಲ್ಲಿ ನೂರಕ್ಕೆ 72 ಮಂದಿ ಹೌದು ಅಂದರು, 2022ರಲ್ಲಿ 68. 2002ರಲ್ಲಿ ಜಾರಿಗೆ ಬಂದ ಕಾನೂನು ಮೂರರಿಂದ ಎಂಟನೇ ಕ್ಲಾಸಿನವರೆಗೆ ಓದುವಿಕೆ ಮತ್ತು ಗಣಿತದಲ್ಲಿ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ ಮಾಡಿತು. ಇತಿಹಾಸವನ್ನು ಮಾಡಲಿಲ್ಲ. ಶಾಲೆಯಲ್ಲಿ ಯಾವುದನ್ನು ಅಳೆಯುತ್ತಾರೋ ಸಮಯ ಅದರ ಕಡೆ ಹರಿಯುತ್ತದೆ. ನನ್ನ ಪೀರಿಯಡ್‌ಗಳು ಗಣಿತದ ಹೆಚ್ಚುವರಿ ಅಭ್ಯಾಸಕ್ಕೆ ಹೋದದ್ದನ್ನು ನಾನು ನೋಡಿದ್ದೇನೆ. ಕಲಿಸದೆ ಇದ್ದದ್ದನ್ನು ಅಳೆದು, ಮಕ್ಕಳಿಗೆ ಬರುವುದಿಲ್ಲ ಅಂತ ಬರೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ.

---

ಎಂಟನೇ ಕ್ಲಾಸಿನ ಅಮ್ಮ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪರೀಕ್ಷೆಗೆ ಕಳಿಸಲು ಒಪ್ಪಿದ್ದೇನೆ. ದೇಶದ ಚಿತ್ರಕ್ಕೆ ಅವಳ ಉತ್ತರವೂ ಸೇರಲಿ.

ಟೀಚರ್ ಹೇಳಿದ ಎರಡು ಬರಹಗಳನ್ನು ಹುಡುಕಿ, ನಾಲ್ಕು ನಾಲ್ಕು ಸಾಲು ಸರಳ ಮಾಡಿ ಅವಳ ಮುಂದೆ ಇಟ್ಟೆ. ಅಂಕ ಗಿಂಕ ಏನೂ ಇಲ್ಲ, ನಿನಗೆ ಏನನ್ನಿಸುತ್ತದೆ ಹೇಳು ಅಂದೆ.

ಮೊದಲು ಡೇವಿಸ್ ಅಂದಳು. ಅವನು ನಾಯಕ, ಒಳಗಿನ ವಿಷಯ ಅವನಿಗೇ ಗೊತ್ತಿರುತ್ತದೆ ಅಂತ. ನಾನು ತಿದ್ದಲಿಲ್ಲ. ಯುದ್ಧ ಯಾವಾಗ ಮುಗಿಯಿತು ಅಂತ ಮಾತ್ರ ಕೇಳಿದೆ. 1865 ಅಂದಳು, ಅದು ಗೊತ್ತಿತ್ತು. ಎರಡು ಹಾಳೆಯ ಮೇಲಿನ ಇಸವಿ ನೋಡಿದಳು. ‘ಓ, ಇವನು ಸೋತ ಮೇಲೆ ಬರೆದದ್ದು. ಗುಲಾಮಗಿರಿಗಾಗಿ ಹೋರಾಡಿದೆವು ಅಂತ ಆಗ ಹೇಳಿದರೆ ಚೆನ್ನಾಗಿರಲ್ಲ’ ಅಂದಳು.

ಆಮೇಲೆ ಸೌತ್ ಕ್ಯಾರೊಲಿನಾದ ಹಾಳೆ ಎತ್ತಿಕೊಂಡು, ‘ಇವರು ದೂರು ಹೇಳುತ್ತಿರುವುದು ಟಬ್‌ಮನ್ ಥರದವರ ಬಗ್ಗೆ ಅಲ್ವಾ ಅಮ್ಮ, ಓಡಿಹೋದವರನ್ನು ವಾಪಸ್ ಕೊಡಿ ಅಂತ’ ಅಂದಳು. ಅವಳಿಗೆ ಇಷ್ಟದ ಕಥೆಗೂ ಯುದ್ಧಕ್ಕೂ ನಂಟು ಇರುವುದು ಅವಳಿಗೇ ಆಗ ಕಂಡಿತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಅಲ್ಲಿಗೆ ನಿಲ್ಲಿಸಲಿಲ್ಲ. ಸೌತ್ ಕ್ಯಾರೊಲಿನಾದವರೂ ಸುಮ್ನೆ ಬರೆದಿರಲ್ಲ, ಬೇರೆ ರಾಜ್ಯಗಳನ್ನು ತಮ್ಮ ಕಡೆ ಎಳೆಯಲು ಬರೆದಿರಬಹುದು, ಹಾಗಾದರೆ ಅದನ್ನಾದರೂ ಪೂರ್ತಿ ಯಾಕೆ ನಂಬಬೇಕು ಅಂತ ನನ್ನನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀಚರ್, ಇದು ಯಾವ ಮೆಟ್ಟಿಲು? ಇದಕ್ಕೆ ಏನು ಹೇಳಲಿ?

---

ಚರಿತ್ರೆ ಟೀಚರ್ ಬರೆದ ಉತ್ತರ:

ಮೇಡಂ, ಓದಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಮೆಟ್ಟಿಲಿನ ಮಾತು ಬಿಡಿ, ಅದು ಗುಂಪಾಗಿ ತಿದ್ದುವಾಗ ಬೇಕಾಗುವ ಸಾಧನ. ತನಗೆ ಅನುಕೂಲವಾದ ದಾಖಲೆಯನ್ನೂ ಅವಳು ಅನುಮಾನಿಸಿದಳು. ದೊಡ್ಡವರಲ್ಲೂ ಅನೇಕರು ಅದನ್ನು ಮಾಡುವುದಿಲ್ಲ.

ಅವಳ ಪ್ರಶ್ನೆಗೆ ಉತ್ತರವನ್ನು ನೀವು ಹೇಳಬೇಡಿ. ಬೇರೆ ದಾಖಲೆ ಜೊತೆಗೆ ಇಟ್ಟು ನೋಡಬೇಕು ಅನ್ನುವುದು ಅವಳಿಗೇ ತೋಚಲಿ. ಒಂದು ಒಳ್ಳೆಯ ಜೋಡಿ ಕೊಡುತ್ತೇನೆ. ದಕ್ಷಿಣದವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀವನ್ಸ್, 1861ರ ಮಾರ್ಚ್ 21ರಂದು ಸವಾನಾ ಊರಿನಲ್ಲಿ ಒಂದು ಭಾಷಣ ಮಾಡಿದ. ಯುದ್ಧ ಇನ್ನೂ ಶುರುವಾಗಿರಲಿಲ್ಲ. ಕರಿಯರು ಬಿಳಿಯರಿಗೆ ಸಮಾನರಲ್ಲ, ಗುಲಾಮಗಿರಿಯೇ ಅವರ ಸಹಜ ಸ್ಥಿತಿ ಅನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಅಲ್ಲಿ ಕೇಳುತ್ತಿದ್ದವರು ಅವನ ಕಡೆಯವರೇ. ಅದೇ ಸ್ಟೀವನ್ಸ್ ಯುದ್ಧ ಸೋತ ಮೇಲೆ, 1868ರಿಂದ 1870ರ ನಡುವೆ ಎರಡು ಸಂಪುಟ ಪ್ರಕಟಿಸಿದ. ಅದರಲ್ಲಿ ಜಗಳದ ಮೂಲ ರಾಜ್ಯಗಳ ಹಕ್ಕು ಮತ್ತು ಕೇಂದ್ರದ ಅಧಿಕಾರ ಅಂತ ವಾದಿಸಿದ.

ಈ ಸಲ ಬರೆದವನು ಒಬ್ಬನೇ, ಬದಲಾದದ್ದು ಇಸವಿ ಮತ್ತು ಕೇಳುಗರು. ಎರಡರಿಂದಲೂ ಮೂರು ಮೂರು ಸಾಲು ಸಾಕು. ಮೊದಲು ಹೆಸರು ಮುಚ್ಚಿ ಕೊಡಿ. ಇಬ್ಬರು ಬೇರೆ ಬೇರೆ ಮನುಷ್ಯರು ಅಂದುಕೊಂಡು ಅವಳು ಏನು ಹೇಳುತ್ತಾಳೆ ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಹೆಸರು ತೋರಿಸಿ, ಮೊದಲಿನ ಉತ್ತರದಲ್ಲಿ ಏನಾದರೂ ಬದಲಾಯಿಸುತ್ತೀಯಾ ಅಂತ ಕೇಳಿ.

ನೇಪ್‌ನ ಹಳೇ ಪ್ರಶ್ನೆಗಳಲ್ಲಿ ಬಿಡುಗಡೆಯಾದವು ಅವರ ವೆಬ್‌ಸೈಟಿನಲ್ಲೇ ಎಲ್ಲರಿಗೂ ಸಿಗುತ್ತವೆ. ತಿದ್ದುವ ಮಾನದಂಡವೂ, ಮಕ್ಕಳು ಬರೆದ ಮಾದರಿ ಉತ್ತರಗಳೂ ಜೊತೆಗಿವೆ. ಅವಳಿಗೆ ಅಭ್ಯಾಸ ಮಾಡಿಸಲು ಬೇಡ. ನೀವೇ ಬರವಣಿಗೆಯ ಪ್ರಶ್ನೆ ಒಂದನ್ನು ಆರಿಸಿಕೊಂಡು, ಅಂಕ ನೋಡುವ ಮೊದಲು ಆ ಮಕ್ಕಳ ಉತ್ತರಗಳನ್ನು ನಿಮ್ಮ ಪಾಡಿಗೆ ತಿದ್ದಿ ನೋಡಿ. ಆಮೇಲೆ ಅವರು ಕೊಟ್ಟದ್ದರ ಜೊತೆ ಹೋಲಿಸಿ. ಎಲ್ಲಿ ವ್ಯತ್ಯಾಸ ಬಂತು ಅಂತ ಇಲ್ಲಿ ಬರೆದರೆ ಕೂತು ಮಾತಾಡೋಣ.